ಮಂಜೊಟ್ಟಿಗೆ ಮೊದಲು ತಲಪುವವರಾರು?

ಮೂಡುಬಿದಿರೆಯ ಕಡಲಕೆರೆಯ ಬಳಿಯ ಕೋಟಿ-ಚೆನ್ನಯ ಜೋಡುಕರೆಯಲ್ಲಾಗಲಿ, ಬೆಳ್ತಂಗಡಿ ತಾಲೂಕಿನ ವೇಣೂರು-ಪೆರ್ಮುಡದ ಸೂರ್ಯ-ಚಂದ್ರ ಜೋಡುಕರೆಯಲ್ಲಾಗಲಿ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ ಜೋಡುಕರೆಯಲ್ಲಾಗಲಿ, ಸೆಮಿಫೈನಲಿಗೆಂದು ಎರಡು ಜೊತೆ ಕೋಣಗಳು ಓಟ ಹೊರಡುವ ಗಂತಿನಲ್ಲಿ ಬಂದು ನಿಂತಾಗ, ಬಾಲ್ಯದಿಂದಲೂ ಕಂಬಳಗಳನ್ನು ಕಂಡ ಹಿರಿಯರು ಕೋಣಗಳ ನಿಲುವನ್ನೂ ಓಡಿಸುವವನ ಮುಖವನ್ನೂ ಒಮ್ಮೆ ದಿಟ್ಟಿಸಿ, ಇಂಥ ಜೊತೆಯೇ ಗೆಲ್ಲುವುದೆಂದು ಹೇಳಿಬಿಡುತ್ತಾರೆ. ಆ ಮಾತು ಸುಳ್ಳಾಗುವುದಕ್ಕಿಂತ ನಿಜವಾಗುವುದೇ ಹೆಚ್ಚು. ಇತ್ತ, ಗಣಕಯಂತ್ರಗಳೂ ಗಣಿತಜ್ಞರೂ ವರ್ಷಗಟ್ಟಲೆ ಲೆಕ್ಕ ಹಾಕಿದ ವಿಶ್ವಕಪ್ ಕಾಲ್ಚೆಂಡಾಟದಲ್ಲಿ, 2022ರ ಡಿಸೆಂಬರಿನ ಒಂದೇ ವಾರದೊಳಗೆ ಮೊರಾಕೊ ಸ್ಪೇನನ್ನೂ ಪೋರ್ಚುಗಲ್ಲನ್ನೂ, ಕ್ರೊಯೇಷಿಯಾ ಬ್ರೆಜಿಲನ್ನೂ ಮನೆಗೆ ಕಳುಹಿದವು. ಎರಡೂ ಕಡೆ ನಿಯಮ ಒಂದೇ, ಸೋತವರು ಹೊರಗೆ. ಹೀಗಿದ್ದೂ ಒಂದು ಕಡೆ ಅನುಭವಿಯ ಕಣ್ಣು ಸಾಕಾಗುವುದೂ, ಇನ್ನೊಂದು ಕಡೆ ಪ್ರಚಂಡ ಗಣಿತವೂ ಎಡವುವುದೂ ಏತಕ್ಕೆಂಬುದು ವಿಚಾರಾರ್ಹವಾದ ಪ್ರಶ್ನೆ. ಇದಕ್ಕೆ ಉತ್ತರವು ಕೋಣದ ಶರೀರದಲ್ಲಿಯೂ ಸಂಭಾವ್ಯತೆಯ ಶಾಸ್ತ್ರದಲ್ಲಿಯೂ ಸಮಪಾಲಾಗಿ ಹುದುಗಿದೆ.

ಮೊದಲು ಕಾಲ್ಚೆಂಡಿನ ಕಡೆಗೆ ನೋಡೋಣ. 2022ರ ವಿಶ್ವಕಪ್ಪಿನ 64 ಪಂದ್ಯಗಳಲ್ಲಿ ಒಟ್ಟು 172 ಗೋಲುಗಳಾದವು. ಎಂದರೆ ಒಂದೂವರೆ ಗಂಟೆಯ ಆಟಕ್ಕೆ ಸರಾಸರಿ ಮೂರು ಗೋಲುಗಳೂ ಇಲ್ಲ. ಇಪ್ಪತ್ತೆರಡು ಮಂದಿ ನಿರಂತರವಾಗಿ ಓಡಿ, ಚೆಂಡನ್ನು ಸಾವಿರಾರು ಬಾರಿ ಒದ್ದು, ಕೊನೆಗೆ ನಿರ್ಣಯವಾಗುವುದು ಎರಡು ಮೂರು ವಿರಳ ಘಟನೆಗಳಿಂದ. ಇಂಥ ವಿರಳ ಘಟನೆಗಳ ಲೆಕ್ಕವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನನು 1837ರಷ್ಟು ಹಿಂದೆಯೇ ಸೂತ್ರರೂಪಕ್ಕೆ ತಂದಿದ್ದನು. 1898ರಲ್ಲಿ ಬೋರ್ಟ್‌ಕೇವಿಚ್ ಎಂಬ ವಿದ್ವಾಂಸನು ಪ್ರಷ್ಯದ ಸೈನ್ಯದಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ವಾರ್ಷಿಕ ಸಂಖ್ಯೆಗಳು ಆ ಸೂತ್ರಕ್ಕೆ ಹೊಂದುವುದನ್ನು ತೋರಿಸಿಕೊಟ್ಟನು. 1982ರಲ್ಲಿ ಮಾಹರ್ ಎಂಬವರು ಅದನ್ನೇ ಕಾಲ್ಚೆಂಡಿನ ಗೋಲುಗಳಿಗೆ ಅನ್ವಯಿಸಿದರು. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್ ಎಂಬಿಬ್ಬರು ಕಡಿಮೆ ಗೋಲಿನ ಪಂದ್ಯಗಳ ವಿಷಯದಲ್ಲಿ ಅದನ್ನು ತಿದ್ದಿದರು. ಈ ವಿಧಾನವೇ ಇಂದಿನ ಬಹುಪಾಲು ಮುನ್ನೆಣಿಕೆಗಳ ಬೇರು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಬಲಿಷ್ಠ ತಂಡವೊಂದು ಇದಿರಾಳಿಯ ಮೇಲೆ ಸರಾಸರಿ 1.6 ಗೋಲು ಹೊಡೆಯಬಲ್ಲುದೆಂದೂ, ದುರ್ಬಲ ತಂಡವು 1.1 ಗೋಲು ಹೊಡೆಯಬಲ್ಲುದೆಂದೂ ಭಾವಿಸಿದರೆ, ಅಂತರವು ಸಾಕಷ್ಟು ದೊಡ್ಡದೆಂದೇ ತೋರುತ್ತದೆ. ಆದರೆ ಪ್ವಾಸೋನನ ಸೂತ್ರದಂತೆ ಗುಣಿಸಿ ನೋಡಿದಾಗ, ಬಲಿಷ್ಠ ತಂಡವು ನಿಗದಿತ ಸಮಯದಲ್ಲಿ ಗೆಲ್ಲುವ ಸಂಭವ ನೂರಕ್ಕೆ 49, ಸಮಸಮವಾಗುವುದು 25, ದುರ್ಬಲ ತಂಡವೇ ಗೆಲ್ಲುವುದು 26! ಸಮಸಮವಾದ ಪಂದ್ಯಗಳು ಇಬ್ಬರಿಗೂ ಅರ್ಧರ್ಧ ಒಲಿಯುವುವೆಂದು ಹಿಡಿದರೂ ಬಲಿಷ್ಠನು ಮುಂದಿನ ಸುತ್ತಿಗೆ ಏರುವ ಸಂಭವ 61ರ ಆಚೆಗೆ ಹೋಗದು. ಇಂಥ ನಾಲ್ಕು ಸುತ್ತುಗಳನ್ನು ದಾಟಿದರೆ ಮಾತ್ರ ಕಪ್ಪು ದಕ್ಕುವುದರಿಂದ, 0.61ನ್ನು ನಾಲ್ಕು ಬಾರಿ ಗುಣಿಸಬೇಕು; ಉಳಿಯುವುದು ನೂರಕ್ಕೆ 14. ನಲವತ್ತೆಂಟು ದೇಶಗಳಿಗೆ ಎಡೆಮಾಡಿದ 2026ರ ಕೂಟದಲ್ಲಿ ನಾಕೌಟ್ ಸುತ್ತುಗಳು ಐದಾಗಿರುವುದರಿಂದ ಅದೂ ಇಳಿದು 8 ಆಗುತ್ತದೆ. ಪ್ರತಿಯೊಬ್ಬ ಇದಿರಾಳಿಗಿಂತಲೂ ಮೇಲಾದ ತಂಡವೊಂದು ಕಪ್ಪನ್ನು ಗೆಲ್ಲದೆ ಹೋಗುವುದೇ ಹೆಚ್ಚು ಸಂಭವನೀಯವೆಂಬ ಈ ಮಾತನ್ನು ಗ್ರಹಿಸದವರು, ಸೋತ ತಂಡದ ಮೇಲೆ ಅನಾವಶ್ಯಕವಾಗಿ ಕಿಡಿಕಾರುತ್ತಾರೆ.

ಇನ್ನು ಕೋಣದ ಕಡೆಗೆ ಬರೋಣ. ಎಮ್ಮೆಯ ಜಾತಿಯು ಜೌಗುನೆಲದಲ್ಲಿ ಬೆಳೆದುಬಂದ ಜೀವಿ. ಅದರ ಗೊರಸು ಅಗಲವಾಗಿ ಕವಲೊಡೆದು ಕೆಸರಿನಲ್ಲಿ ಭಾರವನ್ನು ಹರಡುತ್ತದೆ. ಗೊರಸಿನ ಮೇಲಣ ಗೆಣ್ಣುಗಳು ಹಸುವಿನವುಗಳಿಗಿಂತ ಸಡಿಲವಾಗಿ ಬಾಗುವುದರಿಂದ, ಹೂತ ಕಾಲನ್ನು ಕಿತ್ತೆತ್ತುವುದು ಅದಕ್ಕೆ ಸುಲಭ. ಗಂತಿನಿಂದ ಓಟ ಮುಗಿಯುವ ಮಂಜೊಟ್ಟಿಯವರೆಗಿನ ನೂರು ನೂರೈವತ್ತು ಮೀಟರಿನ ಕರೆಯಲ್ಲಿ, ನೊಗಕ್ಕೆ ಬಿಗಿದ ಎರಡು ಕೋಣಗಳು ನೀರನ್ನು ಆಳೆತ್ತರಕ್ಕೆ ಚಿಮ್ಮಿಸುತ್ತ, ಹಿಂದೆ ಹಗ್ಗವನ್ನು ಹಿಡಿದವನನ್ನು ಸೆಳೆದುಕೊಂಡು ಹತ್ತಾರು ನೆಗೆತಗಳಲ್ಲಿ ತಲಪುತ್ತವೆ. ಈ ಓಟದ ಕಾಲವೆಂಬುದು ಆ ಎಲ್ಲ ನೆಗೆತಗಳ ಮೊತ್ತ. ಒಂದು ನೆಗೆತ ತುಸು ಗಿಡ್ಡವಾದರೆ ಇನ್ನೊಂದು ತುಸು ಉದ್ದವಾಗಿ ಕೊರತೆಯನ್ನು ತುಂಬುತ್ತದೆ. ಆಕಸ್ಮಿಕಗಳು ಒಂದನ್ನೊಂದು ಅಳಿಸುತ್ತವೆ. ಮೊತ್ತದಲ್ಲಿ ಉಳಿಯುವುದು ಸಾಮರ್ಥ್ಯ. ಕಾಲ್ಚೆಂಡಿನಲ್ಲಾದರೋ ಹೀಗೆ ಅಳಿಸಿಕೊಳ್ಳುವಷ್ಟು ಗೋಲುಗಳೇ ಇಲ್ಲ.

ಇದನ್ನೂ ಅಂಕಿಗಳಲ್ಲಿ ನೋಡಬಹುದು. ಎರಡು ಜೊತೆಗಳ ಸರಾಸರಿ ಓಟದ ಕಾಲಗಳ ನಡುವಣ ಅಂತರ ಸೆಕೆಂಡಿನ ಹತ್ತರಲ್ಲಿ ಮೂರು ಭಾಗವೆಂದೂ, ಓಟದಿಂದ ಓಟಕ್ಕೆ ಪ್ರತಿಯೊಂದು ಜೊತೆಯ ಏರಿಳಿತ ಅದರ ಅರ್ಧದಷ್ಟೆಂದೂ ಭಾವಿಸೋಣ. ಆಗ ವೇಗದ ಜೊತೆಯು ಗೆಲ್ಲುವ ಸಂಭವ ನೂರಕ್ಕೆ 92. ಅಂಥ ನಾಲ್ಕು ಸುತ್ತುಗಳ ಬಳಿಕವೂ 72ರಷ್ಟು ಉಳಿಯುತ್ತದೆ. ಕಾಲ್ಚೆಂಡಿನ 14ಕ್ಕೂ ಕಂಬಳದ 72ಕ್ಕೂ ಇರುವ ಈ ಅಂತರವನ್ನು ನೋಡಿದರೆ, ಬದುವಿನ ಮೇಲಣ ಹಿರಿಯರ ಮಾತು ಏಕೆ ನಿಲ್ಲುತ್ತದೆಂಬುದು ತಿಳಿಯುತ್ತದೆ. ಅವರ ಕಣ್ಣು ಸೂಕ್ಷ್ಮವೆಂಬುದು ನಿಜವೇ. ಅವರು ನೋಡುತ್ತಿರುವ ಸ್ಪರ್ಧೆಯೂ ಸಾಮರ್ಥ್ಯವನ್ನು ಮರೆಮಾಚದೆ ತೋರಿಸುವಂಥದು.

ಆ ತೋರಿಕೆಯನ್ನು ಇನ್ನಷ್ಟು ನಿಖರಗೊಳಿಸಿರುವುದು ಮಂಜೊಟ್ಟಿಯಲ್ಲಿ ನಿಲ್ಲಿಸಿರುವ ಲೇಸರ್ ಯಂತ್ರ. ಹಿಂದೆ ತೀರ್ಪುಗಾರರ ಕಣ್ಣೇ ಪ್ರಮಾಣವಾಗಿದ್ದಾಗ, ಎರಡು ಜೊತೆಗಳು ಕೊಂಬಿಗೆ ಕೊಂಬು ಸರಿಯಾಗಿ ಬಂದರೆ ವಾಗ್ವಾದಕ್ಕೆ ಕೊನೆಯಿರುತ್ತಿರಲಿಲ್ಲ. ಈಗ ಕರೆಯ ಅಡ್ಡಕ್ಕೆ ಹಾಯಿಸಿದ ಬೆಳಕಿನ ಎಳೆಯನ್ನು ಕೋಣದ ದೇಹ ಕಡಿದೊಡನೆ ಇತ್ತಣ ಗ್ರಾಹಕಕ್ಕೆ ಬೆಳಕು ತಪ್ಪಿ, ಗಡಿಯಾರ ಆ ಕ್ಷಣದಲ್ಲಿಯೇ ನಿಲ್ಲುತ್ತದೆ. ಸೆಕೆಂಡಿನ ನೂರನೆಯ ಒಂದು ಭಾಗವೂ ಫಲಕದ ಮೇಲೆ ಮೂಡುತ್ತದೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಸಮೀಪದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಅವರ ಸರಾಸರಿ ವೇಗ ಸೆಕೆಂಡಿಗೆ ಹತ್ತೂವರೆ ಮೀಟರಿನಷ್ಟಿತ್ತು. ಆ ವೇಗದಲ್ಲಿ ಸೆಕೆಂಡಿನ ನೂರನೆಯ ಭಾಗವೆಂದರೆ ಸುಮಾರು ನಾಲ್ಕು ಅಂಗುಲ. ನಾಲ್ಕು ಅಂಗುಲದ ಗೆಲುವನ್ನು ನೀರು ಎರಚಾಡುವ ಹೊತ್ತಿನಲ್ಲಿ ಮನುಷ್ಯನ ಕಣ್ಣು ಗುರುತಿಸಲಾರದು, ಯಂತ್ರವು ಗುರುತಿಸೀತು.

ಈ ಓಟವನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡೆಂದು ಲೆಕ್ಕ ಹಾಕಿ, ಉಸೇನ್ ಬೋಲ್ಟರ 9.58ರೊಡನೆ ತೂಗಿದವರು ದೇಶದ ತುಂಬ ಇದ್ದರು. ಅದೇ ತಿಂಗಳಲ್ಲಿ ವೇಣೂರಿನ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟರು ಅದನ್ನು 9.51ಕ್ಕೆ ಇಳಿಸಿದರೆಂದೂ ಸುದ್ದಿಯಾಯಿತು. ಬೋಲ್ಟರನ್ನು ಸೆಳೆಯಲು ಮುಂದೆ ಕೋಣಗಳಿರಲಿಲ್ಲ. ಗೌಡರ ಅಸಾಮಾನ್ಯ ಶಕ್ತಿಗೆ ಆ ಹೋಲಿಕೆ ಅವಶ್ಯವೂ ಅಲ್ಲ, ಕೆಸರಿನಲ್ಲಿ ಆ ವೇಗದ ಜೊತೆಯ ಹಿಂದೆ ಬೀಳದೆ ನಿಲ್ಲುವುದೇ ಸ್ವತಂತ್ರವಾದ ಒಂದು ವಿದ್ಯೆ. ಮುನ್ನೆಣಿಕೆಗಾರನಿಗೆ ಮುಖ್ಯವಾದ ಪಾಠ ಬೇರೆಯೇ ಇದೆ: ಐಕಳದ ಕಾಲವನ್ನೂ ವೇಣೂರಿನ ಕಾಲವನ್ನೂ ಪಕ್ಕಪಕ್ಕ ಇಟ್ಟು, ಯಾವುದು ಮೇಲೆಂದು ತೀರ್ಮಾನಿಸಲಾಗದು. ಒಂದು ಕರೆಯ ನೀರು ಹೆಚ್ಚು, ಇನ್ನೊಂದರ ಕೆಸರು ಗಟ್ಟಿ, ಮತ್ತೊಂದು ತುಸು ಏರು. ಈ ಗುಣಗಳೆಲ್ಲ ಗಡಿಯಾರದ ಅಂಕಿಯೊಳಗೆ ಬೆರೆತುಹೋಗಿರುತ್ತವೆ.

ಆದುದರಿಂದ ಕಾಲವನ್ನು ಬದಿಗಿಟ್ಟು, ಯಾರು ಯಾರನ್ನು ಗೆದ್ದರೆಂಬುದನ್ನೇ ಲೆಕ್ಕಕ್ಕೆ ಹಿಡಿಯುವ ಇನ್ನೊಂದು ಮಾರ್ಗವು ಇಲ್ಲಿ ಉಪಯುಕ್ತವಾಗುತ್ತದೆ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆರ್ಪಾದ್ ಇಲೋ ಎಂಬವರು ಚದುರಂಗದ ಆಟಗಾರರಿಗಾಗಿ ಇದನ್ನು ರೂಪಿಸಿದರು. 2018ರಿಂದ ಫೀಫಾ ಸಂಸ್ಥೆಯೂ ದೇಶಗಳ ಶ್ರೇಯಾಂಕಕ್ಕೆ ಇದೇ ತತ್ತ್ವವನ್ನು ಅಂಗೀಕರಿಸಿದೆ. ಪ್ರತಿಯೊಬ್ಬ ಸ್ಪರ್ಧಿಗೂ ಒಂದು ಅಂಕವಿರುತ್ತದೆ. ಇಬ್ಬರ ಅಂಕಗಳ ವ್ಯತ್ಯಾಸದಿಂದ ಗೆಲುವಿನ ನಿರೀಕ್ಷೆ ಹೊರಡುತ್ತದೆ. ಫೀಫಾದ ಸೂತ್ರದಲ್ಲಿ ನೂರು ಅಂಕಗಳ ಅಂತರಕ್ಕೆ ನೂರಕ್ಕೆ 59, ಇನ್ನೂರಕ್ಕೆ 68. ನಿರೀಕ್ಷೆ ಮೀರಿ ಗೆದ್ದವನಿಗೆ ಅಂಕ ಹೆಚ್ಚು ಸಲ್ಲುತ್ತದೆ, ನಿರೀಕ್ಷೆಯಂತೆ ಗೆದ್ದವನಿಗೆ ಅಲ್ಪ. ಪೆನಾಲ್ಟಿ ಒದೆತಗಳಲ್ಲಿ ಗೆದ್ದ ತಂಡಕ್ಕೆ ಈ ಸೂತ್ರವು ಪೂರ್ಣ ಗೆಲುವನ್ನು ಎಣಿಸದೆ ಮುಕ್ಕಾಲನ್ನು ಮಾತ್ರ ಎಣಿಸುತ್ತದೆ, ಸೋತವರಿಗೂ ಅರ್ಧವನ್ನು ಕೊಡುತ್ತದೆ. 2022ರ ನಾಕೌಟ್ ಪಂದ್ಯಗಳಲ್ಲಿ ಐದು, ಫೈನಲ್ ಸಹಿತವಾಗಿ, ಪೆನಾಲ್ಟಿಗಳಿಂದಲೇ ತೀರ್ಮಾನವಾದುದನ್ನು ನೆನೆದರೆ ಈ ಔದಾರ್ಯ ನ್ಯಾಯವಾದುದೇ.

ಕಂಬಳಕ್ಕೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆಂದು ನನ್ನ ನಂಬಿಕೆ. ಏಕೆಂದರೆ ಅಕ್ಕಪಕ್ಕದ ಎರಡು ಕರೆಗಳುಳ್ಳ ಜೋಡುಕರೆಯಲ್ಲಿ ಇದಿರುಬದಿರಾಗುವ ಎರಡು ಜೊತೆಗಳಿಗೂ ಒಂದೇ ಬಿಸಿಲು, ಒಂದೇ ಹೊತ್ತು, ಹೆಚ್ಚುಕಡಿಮೆ ಒಂದೇ ಕೆಸರು. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ ಎಂಬ ವಿಭಾಗಗಳಿಗೆಲ್ಲ ಪ್ರತ್ಯೇಕ ಅಂಕಗಳನ್ನು ಇಡಬಹುದು; ನೀರನ್ನು ಆರೂವರೆ, ಏಳೂವರೆ ಕೋಲಿನ ನಿಶಾನೆಗೆ ಚಿಮ್ಮಿಸುವ ಕನೆಹಲಗೆಯಲ್ಲಿ ಮಾತ್ರ ಎತ್ತರದೊಡನೆಯೇ ಸ್ಪರ್ಧೆಯಾದುದರಿಂದ ಅದು ಈ ಲೆಕ್ಕಕ್ಕೆ ಸಿಗದು.

ಆದರೂ ಅಂಕಿಗೆ ಕಾಣದ ಸಂಗತಿಗಳು ಕೆಲವಿವೆ. ಎಮ್ಮೆಯ ಜಾತಿಗೆ ಹಸುವಿಗಿಂತ ಬೆವರಿನ ಗ್ರಂಥಿಗಳು ಬಹಳ ವಿರಳ. ಕಪ್ಪು ಚರ್ಮವು ಬಿಸಿಲನ್ನು ಹೀರಿಕೊಳ್ಳುತ್ತದೆ, ಓಟದ ಉಷ್ಣ ಒಳಗೇ ನಿಲ್ಲುತ್ತದೆ. ಆದುದರಿಂದಲೇ ಅದು ನೀರನ್ನೂ ಕೆಸರನ್ನೂ ಅರಸುವುದು. ಮಧ್ಯಾಹ್ನದ ಸುತ್ತಿನಲ್ಲಿ ಬಳಲಿದ ಜೊತೆ ನಡುರಾತ್ರಿಯ ಸುತ್ತಿನಲ್ಲಿ ಹೊಸತಾಗಿ ಬಂದಂತೆ ಓಡುವುದುಂಟು. ಕಂಬಳವು ಬೆಳಗಿನಿಂದ ಮರುದಿನದವರೆಗೂ ನಡೆಯುವುದರಿಂದ, ಎರಡು ಸುತ್ತುಗಳ ನಡುವೆ ಎಷ್ಟು ವಿರಾಮ ಸಿಕ್ಕಿತೆಂಬುದರ ಮೇಲೆ ಸ್ನಾಯುಗಳ ಚೇತರಿಕೆ ನಿಂತಿದೆ. ಒಬ್ಬನೇ ಓಟಗಾರನು ಒಂದೇ ಕೂಟದಲ್ಲಿ ಹಲವು ವಿಭಾಗಗಳ, ಹಲವು ಯಜಮಾನರ ಕೋಣಗಳನ್ನು ಓಡಿಸುವುದರಿಂದ ಅವನ ಕಾಲಿನ ದಣಿವು ಎಲ್ಲ ಜೊತೆಗಳಿಗೂ ಹಂಚಿಹೋಗುತ್ತದೆ. ಗಂತಿನಲ್ಲಿ ಕೋಣ ಬಿಡುವವರ ಕೈಯೂ ಅಷ್ಟೇ ನಿರ್ಣಾಯಕ: ನೊಗದಲ್ಲಿ ಒಂದು ಕೋಣ ಮುಂದೊತ್ತುತ್ತ, ಇನ್ನೊಂದು ಹಿಂದೆ ಸರಿಯುತ್ತಿರುವಾಗ, ಎರಡರ ಮೂತಿಯೂ ಸಮವಾಗಿ ನೇರಗೊಂಡ ಆ ಒಂದು ಕ್ಷಣವನ್ನು ಹಿಡಿಯದೆ ಬಿಟ್ಟರೆ, ಮೊದಲ ನಾಲ್ಕು ನೆಗೆತಗಳಲ್ಲಿಯೇ ಗೆಲುವು ಕೈಬಿಡುತ್ತದೆ. ಜೊತೆಯು ಕರೆಯ ಅಂಚಿಗೆ ಸರಿದು ಎಡವುವುದೂ, ಹಗ್ಗ ಕೈಜಾರುವುದೂ ವಿರಳವಾದ ಅನಾಹುತಗಳು. ಇಲ್ಲಿ ಮಾತ್ರ ಕಂಬಳವು ಕಾಲ್ಚೆಂಡಿನ ಗೋಲಿನಂತೆಯೇ ಪ್ವಾಸೋನನ ನಿಯಮಕ್ಕೆ ಒಳಪಡುತ್ತದೆ.

ಇನ್ನೊಂದು ಮಾತನ್ನು ಇಲ್ಲಿ ಹೇಳದಿರಲಾರೆ. ಏಟಿನಿಂದ ಹೊರಡಿಸಿದ ವೇಗವು ಕೋಣದ ಸಾಮರ್ಥ್ಯದ ಅಳತೆಯಾಗಲಾರದು. ಅದರ ನೋವು ಯಾವ ಅಂಕಪಟ್ಟಿಯ ಬೆಲೆಗೂ ಸರಿದೂಗುವಂಥದಲ್ಲ. ಸುಪ್ರೀಂ ಕೋರ್ಟು 2023ರ ಮೇ 18ರಂದು ಕರ್ನಾಟಕದ ಕಂಬಳದ ಕಾನೂನನ್ನು ಎತ್ತಿಹಿಡಿದುದಕ್ಕೆ, ಪ್ರಾಣಿಯ ಹಿಂಸೆಯನ್ನು ತಗ್ಗಿಸುವ ಕಟ್ಟಳೆಗಳು ಅದರಲ್ಲಿವೆಯೆಂಬುದೂ ಒಂದು ಕಾರಣ. ಹುರುಳಿ ಬೇಯಿಸಿ ತಿನ್ನಿಸಿ, ಎಣ್ಣೆ ತಿಕ್ಕಿ, ಈಜಿಸಿ ಸಾಕಿದ ಕೋಣದ ಓಟವೇ ನಿಜವಾದ ಓಟ, ಲೆಕ್ಕಕ್ಕೂ ಅದೇ ಯೋಗ್ಯ.

2010ರ ವಿಶ್ವಕಪ್ಪಿನ ಕಾಲದಲ್ಲಿ ಜರ್ಮನಿಯ ಓಬರ್‌ಹೌಸನ್ನಿನ ಪೌಲ್ ಎಂಬ ಅಷ್ಟಪದಿಯು ಎಂಟು ಪಂದ್ಯಗಳ ಫಲವನ್ನೂ ಸರಿಯಾಗಿ ಸೂಚಿಸಿ ಲೋಕಪ್ರಸಿದ್ಧವಾಯಿತು. ಎಂಟು ಬಾರಿ ನಾಣ್ಯ ಚಿಮ್ಮಿ ಎಂಟೂ ಸರಿಯಾಗುವ ಸಂಭವ 256ರಲ್ಲಿ ಒಂದು. ಅದಕ್ಕೂ ಎರಡು ವರ್ಷ ಮೊದಲು ಯುರೋಪಿನ ಕೂಟದಲ್ಲಿ ಅದೇ ಪ್ರಾಣಿ ಆರರಲ್ಲಿ ಎರಡನ್ನು ತಪ್ಪಿತ್ತು. ಭವಿಷ್ಯ ಹೇಳುವವನನ್ನು ಒಂದೇ ಕೂಟದಿಂದ ಅಳೆಯಲಾಗದು. ನೂರಕ್ಕೆ ಎಪ್ಪತ್ತೆಂದು ಅವನು ಹೇಳಿದ ನೂರು ಪಂದ್ಯಗಳಲ್ಲಿ ಎಪ್ಪತ್ತರಷ್ಟು ನಿಜವಾದುವೇ ಎಂದು ಪರೀಕ್ಷಿಸಬೇಕು, ತೊಂಬತ್ತು ನಿಜವಾದರೂ ಅವನ ಲೆಕ್ಕ ತಪ್ಪೇ.

ಅಂಥ ಪರೀಕ್ಷೆಗೆ ಬೇಕಾದ ಸಾಮಗ್ರಿಯು ಪ್ರತಿ ಕಂಬಳದ ರಾತ್ರಿಯೂ ನಮ್ಮ ಕಣ್ಣೆದುರಿಗೇ ಹುಟ್ಟುತ್ತದೆ. ಮರುದಿನದ ಪತ್ರಿಕೆಯಲ್ಲಿ ಪ್ರಥಮ, ದ್ವಿತೀಯ ಸ್ಥಾನಗಳೂ, ಓಡಿಸಿದವರು, ಹಲಗೆ ಮುಟ್ಟಿದವರು ಎಂಬ ಹೆಸರುಗಳೂ ಅಚ್ಚಾಗುತ್ತವೆ. ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಸೋತ ಜೊತೆಯ ಹೆಸರನ್ನೂ, ಯಾರು ಯಾವ ಕರೆಯಲ್ಲಿ ಎಷ್ಟು ಹೊತ್ತಿಗೆ ಓಡಿದರೆಂಬುದನ್ನೂ, ಲೇಸರ್ ತೋರಿದ ಎರಡೂ ಕಾಲಗಳನ್ನೂ ಸಮಿತಿಗಳು ಒಂದು ವಹಿಯಲ್ಲಿ ಬರೆದಿಟ್ಟರೆ, ನವೆಂಬರಿನಲ್ಲಿ ಆರಂಭವಾದ ಋತುವು ಮುಗಿಯುವಷ್ಟರಲ್ಲಿ ಪ್ರತಿಯೊಂದು ಜೊತೆಗೂ ನೆಚ್ಚತಕ್ಕ ಅಂಕವೊಂದು ದೊರೆಯುವುದು; ಮೂಡುಬಿದಿರೆಯ ಕೋಟಿ ಕರೆಗೂ ಚೆನ್ನಯ ಕರೆಗೂ ನಡುವೆ ಭೇದವಿದೆಯೇ ಎಂಬ ಹಳೆಯ ತಕರಾರು ಕೂಡ ಆ ವಹಿಯಿಂದಲೇ ಇತ್ಯರ್ಥವಾದೀತು.