ಅಮರಸುಳ್ಯದ ಹೋರಾಟದಲ್ಲಿ ವೇಷ ಮತ್ತು ಬಾವುಟ

ಕಡಲ ಯುದ್ಧಗಳಲ್ಲಿ ಅನ್ಯರ ಬಾವುಟ ಹಾರಿಸಿ ವೈರಿಯ ಕಣ್ಣು ತಪ್ಪಿಸುವುದು ಹಳೆಯ ತಂತ್ರ. 1914ರಲ್ಲಿ ಜರ್ಮನಿಯ ‘ಎಮ್ಡನ್’ ನೌಕೆಯು ತನ್ನ ಮೂರು ಹೊಗೆಕೊಳವೆಗಳ ಜೊತೆಗೆ ಹುಸಿಯಾದ ನಾಲ್ಕನೆಯದನ್ನು ನಿಲ್ಲಿಸಿ, ಬ್ರಿಟಿಷ್ ನೌಕೆಯೆಂಬ ಭ್ರಮೆ ಹುಟ್ಟಿಸಿ ಪಿನಾಂಗ್ ಬಂದರನ್ನು ಹೊಕ್ಕಿತು. ಅಲ್ಲಿ ವೇಷದ ಉದ್ದೇಶ ತಾನಾರೆಂಬುದನ್ನು ಮರೆಮಾಚುವುದು. 1837ರ ಅಮರಸುಳ್ಯದ ರೈತ ಹೋರಾಟದಲ್ಲಿಯೂ ವೇಷ, ಬಾವುಟಗಳೆರಡೂ ಇದ್ದವು. ಆದರೆ ಅವು ನಿರ್ವಹಿಸಿದ ಕಾರ್ಯ ಬೇರೆಯಾಗಿತ್ತು.

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದಾಗ, ಹಾಲೇರಿ ಅರಸರ ಅಧೀನದಲ್ಲಿದ್ದ ಅಮರಸುಳ್ಯ ಮೊದಲಾದ ಘಟ್ಟದ ಕೆಳಗಿನ ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದವು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ತೆರಬೇಕಾಯಿತು. ಹಣದ ಚಲಾವಣೆ ವಿರಳವಾಗಿದ್ದ ಮಲೆನಾಡಿನ ಅಂಚಿನ ರೈತನಿಗೆ ಇದು ಸಹಿಸಲಾಗದ ಹೊರೆಯಾಯಿತು.

ಕೆದಂಬಾಡಿ ರಾಮಯ್ಯ ಗೌಡರು ಮಗನ ಮದುವೆಯ ನೆಪದಲ್ಲಿ ಜನರನ್ನು ಕೂಡಿಸಿದರೆಂಬುದು ಸ್ಥಳೀಯ ಐತಿಹ್ಯ. ಸುಳ್ಯದ ಸಮೀಪದ ‘ಮದುವೆಗದ್ದೆ’ ಎಂಬ ಸ್ಥಳನಾಮ ಅದರ ನೆನಪನ್ನು ಉಳಿಸಿಕೊಂಡಿದೆ. ಇದು ಮರೆಮಾಚುವ ವೇಷ. ಇದಕ್ಕಿಂತ ಮುಖ್ಯವಾದುದು ಎರಡನೆಯದು. ಹಾಲೇರಿ ವಂಶದವನೆಂದು ಜನ ನಂಬಿದ್ದ ಕಲ್ಯಾಣಸ್ವಾಮಿ ಆ ವೇಳೆಗೆ ಕಂಪೆನಿಯ ಸೆರೆಯಲ್ಲಿದ್ದ. ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನೇ ಕಲ್ಯಾಣಸ್ವಾಮಿಯೆಂದು ಮುಂದಿಟ್ಟು ಹೋರಾಟಗಾರರು ದಂಡು ಕಟ್ಟಿದರು. ಇದನ್ನು ಬರಿಯ ವಂಚನೆಯೆಂದು ತಳ್ಳಿಹಾಕುವುದು ಸಮಂಜಸವಲ್ಲ. ಭೂತಾರಾಧನೆಯ ನಾಡಿನಲ್ಲಿ ವೇಷವೆಂಬುದು ಸುಳ್ಳಿನ ಹೊದಿಕೆಯಲ್ಲ, ಅಧಿಕಾರದ ಆವಾಹನೆ. ಕಟ್ಟಿದವನು ಯಾರೆಂಬುದಕ್ಕಿಂತ ನುಡಿ ಯಾರದೆಂಬುದು ಮುಖ್ಯ. ಕಳೆದುಹೋದ ಅರಸೊತ್ತಿಗೆಗೆ ಪುಟ್ಟಬಸಪ್ಪ ಅಂತಹ ಮುಖವಾದನು.

ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಪುತ್ತೂರಿನ ಮಾರ್ಗವಾಗಿ ಸಾಗಿ 1837ರ ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಕಂಪೆನಿಯ ಬಾವುಟವನ್ನಿಳಿಸಿ ತಮ್ಮ ಬಾವುಟವನ್ನೇರಿಸಿದ ಗುಡ್ಡವೇ ಇಂದಿನ ಬಾವುಟಗುಡ್ಡೆ ಎಂಬುದು ಪ್ರತೀತಿ. ಸುಮಾರು 13 ದಿನಗಳ ಕಾಲ ಆ ಆಳ್ವಿಕೆ ನಡೆಯಿತು.

ಅದರ ದೌರ್ಬಲ್ಯವಿದ್ದುದು ಕಡಲ ದಿಕ್ಕಿನಲ್ಲಿ. ಗುಡ್ಡದ ಮೇಲೆ ಬಾವುಟ ಹಾರುತ್ತಿದ್ದರೂ ಬಂದರನ್ನು ತಡೆಯಲು ಹೋರಾಟಗಾರರ ಬಳಿ ಹಡಗುಗಳಿರಲಿಲ್ಲ. ಹಡಗೇರಿ ಕಣ್ಣೂರಿಗೆ ಸರಿದಿದ್ದ ಕಂಪೆನಿಗೆ ಅದೇ ಜಲಮಾರ್ಗವಾಗಿ ಸೈನ್ಯವನ್ನು ತರಲು ಅಡ್ಡಿಯಾಗಲಿಲ್ಲ. ಪುಟ್ಟಬಸಪ್ಪ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿಯೂ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿಯೂ ಗಲ್ಲಿಗೇರಿಸಲಾಯಿತು.

ಈ ಹೋರಾಟವನ್ನು ಜನ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಕರೆದರು. ಕಾಟಕಾಯಿಯೆಂದರೆ ಸುಲಿಗೆ, ಉಪದ್ರವ. ಗೆದ್ದವರ ದೃಷ್ಟಿ ಆ ಪದದಲ್ಲಿ ಉಳಿದುಕೊಂಡಿತು; ಗಲ್ಲಿಗೇರಿದವನ ನಿಜನಾಮ ಮಾತ್ರ ಹೆಸರಿನೊಳಗೆ ಸೇರಲಿಲ್ಲ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪನೆಗೊಂಡಿತು. ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಕಾಟಕಾಯಿಯೆಂಬ ಮಾತಿನ ಜೊತೆಗೆ ಅಮರಸುಳ್ಯದ ಸ್ವಾತಂತ್ರ್ಯ ಹೋರಾಟವೆಂಬ ಹೆಸರೂ ಈಗ ನೆಲೆಗೊಂಡಿದೆ. ಆದರೂ ವೇಷದ ಹಿಂದಿದ್ದ ಪುಟ್ಟಬಸಪ್ಪನನ್ನು ಅವನದೇ ಹೆಸರಿನಿಂದ ಗುರುತಿಸುವ ಹೊಣೆ ಈ ಪ್ರದೇಶದ ಚರಿತ್ರೆಯ ಅಭ್ಯಾಸಿಗಳ ಮೇಲಿದೆ.