ಯಾರಿಗೂ ಬೇಡದ ಪಾಠವನ್ನು ಕೇಳಿ ಪಡೆದ ಪಾದ್ರಿ

1922ರ ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದ ಹೆನ್ರಿ ಹೇರಾಸ್ ಎಂಬ ಸ್ಪೇನಿನ ಪಾದ್ರಿಯನ್ನು ಧೋಬಿ ತಲಾವಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಿನ್ಸಿಪಾಲರು ಯಾವ ಚರಿತ್ರೆ ಪಾಠ ಮಾಡುತ್ತೀರಿ ಎಂದು ಕೇಳಿದರಂತೆ. ಹುಡುಗರಿಗೆ ಯಾವುದನ್ನು ಕಂಡರೆ ಆಗದು ಎಂದು ಇವರು ತಿರುಗಿ ಕೇಳಿದರು. ಭಾರತದ ಚರಿತ್ರೆ ಎಂಬ ಉತ್ತರ ಬಂತು. ಹಾಗಾದರೆ ಅದನ್ನೇ ಕೊಡಿ ಎಂದರು. ಅದರಲ್ಲಿ ನಿಮಗೇನು ಗೊತ್ತು ಎಂದರೆ, ಏನೂ ಇಲ್ಲ, ಓದಿಕೊಳ್ಳುತ್ತೇನೆ ಎಂದರಂತೆ. ಕತೆಗೆ ಒಂದಿಷ್ಟು ಒಗ್ಗರಣೆ ಬಿದ್ದಿರಬಹುದು. ಆದರೆ ಆಮೇಲೆ ನಡೆದದ್ದು ಮಾತ್ರ ಹಾಗೆಯೇ.

ಬಾರ್ಸಿಲೋನಾದ ಈ ಮೂವತ್ತನಾಲ್ಕರ ಪಾದ್ರಿ ಇಲ್ಲಿಗೆ ಬಂದದ್ದಕ್ಕೆ ಕಾರಣ ಒಂದು ಯುದ್ಧ. ಅವರ ಯೇಸುಸಭೆಗೆ, ಅಂದರೆ ಜೆಸ್ವಿಟರಿಗೆ, ಮುಂಬಯಿ ಹೊಸದಲ್ಲ. ಪೋರ್ಚುಗೀಸರ ಕಾಲದಲ್ಲೇ ಬಾಂದ್ರಾದಲ್ಲಿ ಅವರ ಇಗರ್ಜಿಯೂ ಕಾಲೇಜೂ ಇದ್ದವು. 1759ರಲ್ಲಿ ಪೋರ್ಚುಗಲ್ ತನ್ನ ಸೀಮೆಗಳಿಂದ ಅವರನ್ನು ಹೊರಗೆ ಹಾಕಿತು, 1773ರಲ್ಲಿ ಪೋಪರೇ ಸಭೆಯನ್ನು ಬರ್ಖಾಸ್ತು ಮಾಡಿದರು. 1814ರಲ್ಲಿ ಸಭೆಗೆ ಮರುಜೀವ ಬಂದ ಮೇಲೆ, 1850ರ ದಶಕದಲ್ಲಿ ಜರ್ಮನ್ ಜೆಸ್ವಿಟರು ಮುಂಬಯಿ ಮಿಶನ್ನಿನ ಹೊಣೆ ಹೊತ್ತರು. 1869ರಲ್ಲಿ ಝೇವಿಯರ್ಸ್ ಕಾಲೇಜು ತೆರೆದವರೂ ಅವರೇ. ನಮ್ಮ ಮಂಗಳೂರಿನಲ್ಲಿ ಇದೇ ಸಭೆಯ ಇಟಲಿಯವರು 1880ರಲ್ಲಿ ಅಲೋಶಿಯಸ್ ಕಾಲೇಜು ಕಟ್ಟಿದರು. ಸಭೆ ಬೇರೂರುವ ಕ್ರಮ ಎರಡೂ ಕಡೆ ಒಂದೇ: ಗುಡಿಯ ಪಕ್ಕಕ್ಕೆ ಒಂದು ಶಾಲೆ, ಶಾಲೆಯೊಳಗೆ ಊರಿನವರಿಗೆ ಬೇಕಾದ ವಿದ್ಯೆ. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಕೆಲವರು ಸೆರೆಯಾದರು, ಬಹಳಷ್ಟು ಮಂದಿ ಹಡಗು ಹತ್ತಬೇಕಾಯಿತು. ಖಾಲಿಯಾದ ಜಾಗಕ್ಕೆ ಸ್ಪೇನಿನವರು ಬಂದರು.

ಹೊಸಬ ಹೇರಾಸರಿಗೆ ಸಂಸ್ಕೃತ ಪಂಡಿತರ ಬಲವಿರಲಿಲ್ಲ, ಶಾಸನ ಓದಿ ಬೆಳೆದ ಅಭ್ಯಾಸವೂ ಇರಲಿಲ್ಲ. ಬೇರೆಯವರ ಬಳಿ ಇಲ್ಲದ ಒಂದು ವಸ್ತು ಮಾತ್ರ ಇತ್ತು: ತಮ್ಮದೇ ಸಭೆಯ ಹಳೆಯ ಕಾಗದಗಳು. ಎಲ್ಲಿ ಹೋದರೂ ಕಂಡದ್ದನ್ನು ಮೇಲಿನವರಿಗೆ ವರದಿ ಬರೆದು ಕಳಿಸುವುದು ಜೆಸ್ವಿಟರ ಕಟ್ಟಳೆ. 1565ರ ತಾಳಿಕೋಟೆಯ ಸೋಲಿನ ನಂತರ ಪೆನುಗೊಂಡೆಗೆ, ಆಮೇಲೆ ಚಂದ್ರಗಿರಿಗೆ ಸರಿದ ವಿಜಯನಗರದ ಆಸ್ಥಾನಕ್ಕೆ 1598ರ ಹೊತ್ತಿಗೆ ಅವರ ಪಾದ್ರಿಗಳು ತಲುಪಿದ್ದರು. ಎರಡನೆಯ ವೆಂಕಟಪತಿರಾಯ ಅವರನ್ನು ಆದರಿಸಿದ, ಅವರ ಚಿತ್ರಕಾರರ ಕೈಕೆಲಸ ನೋಡಿದ. ಅರಮನೆಯ ಒಳಸುಳಿಗಳನ್ನು ಕಂಡಂತೆ ಬರೆದ ಆ ಪತ್ರಗಳನ್ನು ಶಾಸನಗಳ ಎದುರಿಗಿಟ್ಟು ಹೇರಾಸ್ 1927ರಲ್ಲಿ ಅರವೀಡು ವಂಶದ ಚರಿತ್ರೆಯನ್ನು ಹೊರತಂದರು. ತಾಳಿಕೋಟೆಗೆ ವಿಜಯನಗರದ ಕತೆ ಮುಗಿಯಿತು ಎಂದು ನಂಬಿದ್ದವರಿಗೆ ಮುಂದಿನ ಅರ್ಧ ಶತಮಾನ ವಿವರವಾಗಿ ಕಂಡಿತು. ಅದಕ್ಕೂ ಮೊದಲೇ, 1926ರಲ್ಲಿ, ಕಾಲೇಜಿನೊಳಗೆ ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯೂ ಶುರುವಾಗಿತ್ತು.

ಕೊನೆಯನ್ನು ಹುಡುಕಿದವರು ಆಮೇಲೆ ಮೊದಲಿಗೆ ಹೋದರು, ಕನ್ನಡಿಗರ ಎದೆಗೆ ತಾಗಿದ್ದು ಆಗ. ಮೊಲ ನಾಯಿಗಳನ್ನು ಅಟ್ಟಿದ ಜಾಗ, ಅಲ್ಲೊಬ್ಬ ತಪಸ್ವಿ (ನಮ್ಮವರ ನಂಬಿಕೆಯಲ್ಲಿ ವಿದ್ಯಾರಣ್ಯರು), ಅವನ ಮಾತಿನಂತೆ ಎದ್ದ ವಿಜಯನಗರ ಪಟ್ಟಣ: ಈ ಕತೆಯನ್ನು 1530ರ ದಶಕದಲ್ಲಿ ಪೋರ್ಚುಗೀಸ ನೂನಿಜ್ ಬರೆದಿಟ್ಟಿದ್ದ. ಹೇರಾಸರು ಕೇಳಿದ್ದು ಇಷ್ಟೆ: ಅದಕ್ಕೂ ಹಿಂದಿನ, ಸಂದೇಹಕ್ಕೆ ಎಡೆಯಿಲ್ಲದ ಶಾಸನಗಳಲ್ಲಿ ವಿದ್ಯಾರಣ್ಯರು ಊರು ಕಟ್ಟಿಸಿದ ಸುದ್ದಿ ಎಲ್ಲಿದೆ? 1336ರ ತಾಮ್ರಪಟಗಳು ಎಂದು ತೋರಿಸುತ್ತಿದ್ದವನ್ನು ಅವರು ಆಮೇಲಿನ ಸೃಷ್ಟಿ ಎಂದು ತಳ್ಳಿಹಾಕಿದರು. ಪಾರಸಿ ಚರಿತ್ರೆಕಾರ ಫಿರಿಷ್ತಾ ಬರೆದಂತೆ, ಉತ್ತರದ ದಾಳಿಗೆ ತಡೆಯಾಗಿ ಹೊಯ್ಸಳ ಮೂರನೆಯ ಬಲ್ಲಾಳನೇ ಈ ಕೋಟೆಪಟ್ಟಣ ಕಟ್ಟಿದ, ಸಾಮ್ರಾಜ್ಯದ ಮೊದಲ ಅರಸರಾದ ಹರಿಹರ ಬುಕ್ಕರು ಅವನ ಕೈಕೆಳಗಿನ ಕನ್ನಡದವರು ಎಂಬುದು 1929ರ ಅವರ ಪುಸ್ತಕದ ವಾದ. ವಿದ್ಯಾರಣ್ಯರ ಕತೆಯನ್ನು ಹದಿನಾರನೆಯ ಶತಮಾನದ ಮೊದಲಲ್ಲಿ ಶೃಂಗೇರಿಯ ಸನ್ಯಾಸಿಗಳು ಹೆಣೆದರು ಎಂದೂ ಬರೆದರು.

ಒಂದು ಕೈಯಲ್ಲಿ ಸಾಮ್ರಾಜ್ಯವನ್ನು ಕನ್ನಡದವರಿಗೇ ಕೊಟ್ಟು ಇನ್ನೊಂದು ಕೈಯಲ್ಲಿ ಗುರುವನ್ನು ಕಸಿದರೆ ಸುಮ್ಮನಿರುವವರು ಯಾರು? 1936ರಲ್ಲಿ ಧಾರವಾಡದಿಂದ ವಿಜಯನಗರದ ಆರುನೂರನೆಯ ವರ್ಷದ ಸ್ಮರಣ ಸಂಪುಟ ಬಂದದ್ದೇ 1336ನ್ನು ಹಿಡಿದು. ನನ್ನ ತೂಕದಲ್ಲಿ ಹೇರಾಸರ ಸಂಶಯ ಸರಿ, ಆರೋಪ ಅತಿ. ಕತೆ ತಡವಾಗಿ ಬೆಳೆದದ್ದು ಎಂಬುದನ್ನು 1980ರ ದಶಕದಲ್ಲಿ ಜರ್ಮನ್ ವಿದ್ವಾಂಸ ಹರ್ಮನ್ ಕುಲ್ಕೆಯೂ ಒಪ್ಪಿದ್ದಾರೆ. ಆದರೆ 1346ರಲ್ಲಿ ಹರಿಹರ ತಮ್ಮಂದಿರೊಡನೆ ಶೃಂಗೇರಿಯ ಭಾರತೀತೀರ್ಥರಿಗೆ ದಾನ ಕೊಟ್ಟದ್ದು ಕಲ್ಲಿನ ಮೇಲಿದೆ. ಮಠದ ನಂಟನ್ನು ಬರೀ ಕಟ್ಟುಕತೆ ಎನ್ನಲಾಗದು. ಸಂತರ ಪವಾಡಗಳನ್ನು ಶತಮಾನಗಳಿಂದ ಬರೆದಿಟ್ಟ ಸಭೆಯೊಂದರ ಸದಸ್ಯರಿಗೆ, ಭಕ್ತಿಯಿಂದ ಬೆಳೆಯುವ ಕತೆಗೂ ಮೋಸಕ್ಕೂ ಇರುವ ಅಂತರ ಇನ್ನಷ್ಟು ಕಾಣಬೇಕಿತ್ತು.

ವಿಜಯನಗರದ ಮೊದಲಿನ ಕುರಿತ ಪುಸ್ತಕ ಬಂದ ಅದೇ 1929ರಲ್ಲಿ ಹೇರಾಸರು ಗೋವಾದ ಚಾಂದೋರಿನಲ್ಲಿ ನೆಲ ಅಗೆಯುತ್ತಿದ್ದರು. ಹಳೆಯ ಚಂದ್ರಪುರದ ಶಿವಾಲಯದ ತಳಪಾಯ ಅಲ್ಲಿ ಹೊರಬಂತು. ಅವರ ಸಂಸ್ಥೆಯ ಜಾರ್ಜ್ ಮೊರಾಯಿಸ್ 1931ರಲ್ಲಿ ಬನವಾಸಿಯಿಂದ ಗೋವೆಯವರೆಗಿನ ಕದಂಬರ ಚರಿತ್ರೆ ಬರೆದರು. ವಿಲಿಯಂ ಕೊಯೆಲ್ಹೊ ಅವರ ಹೊಯ್ಸಳ ವಂಶದ ಪುಸ್ತಕ 1950ರಲ್ಲಿ ಬಂತು. ಹೇರಾಸರೇ ಆ ಹೊತ್ತಿಗೆ ಸಿಂಧೂ ಮುದ್ರೆಗಳಲ್ಲಿ ದ್ರಾವಿಡ ಭಾಷೆ ಓದುವ ಸಾಹಸಕ್ಕೆ ಬಿದ್ದಿದ್ದರು, ಅವರ ಓದಿನಲ್ಲಿ ಬಹುಪಾಲು ಇಂದು ನಿಲ್ಲುವುದಿಲ್ಲ. ಭಾರತದ ಪೌರತ್ವ ಪಡೆದು 1955ರ ಡಿಸೆಂಬರಿನಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಆಮೇಲೆ ಸಂಸ್ಥೆಗೆ ಅವರದೇ ಹೆಸರಿಟ್ಟರು. ಕದಂಬರ ಮೇಲೆ ಕೆಲಸ ಮಾಡುವವರು ಈಗಲೂ ಮೊರಾಯಿಸರ ಪುಸ್ತಕದ ಪುಟ ತಿರುವಿಯೇ ಮುಂದೆ ಹೋಗುತ್ತಾರೆ.