ಒಂದು ಸಾಲ, ಎರಡು ಕಾರ್ಡು: ಮನೆಯವರೊಡನೆ ಕ್ರೆಡಿಟ್ ಕಾರ್ಡ್ ಹಂಚಿಕೊಳ್ಳುವ ಮುನ್ನ

ಕಾಸರಗೋಡು, ಮಂಜೇಶ್ವರದ ಕಡೆಯ ಅನೇಕ ಕನ್ನಡ ಮನೆಗಳಲ್ಲಿ ಮಕ್ಕಳ ಓದಿಗೂ ಹಿರಿಯರ ಚಿಕಿತ್ಸೆಗೂ ಮಂಗಳೂರೇ ಆಶ್ರಯ. ಸಂಪಾದಿಸುವವರು ಒಂದೆಡೆ, ವೆಚ್ಚ ಮಾಡಬೇಕಾದವರು ಇನ್ನೊಂದೆಡೆ. ಹೀಗಾಗಿ ಒಬ್ಬರ ಕ್ರೆಡಿಟ್ ಕಾರ್ಡನ್ನು ಮತ್ತೊಬ್ಬರು ಬಳಸುವುದು ಈಗ ಸಾಮಾನ್ಯವಾಗಿದೆ. ಆದರೆ ನಮ್ಮ ಕಾರ್ಡನ್ನೇ ಇನ್ನೊಬ್ಬರ ಕೈಗೆ ಕೊಡುವುದು ಬೇರೆ, ಅವರ ಹೆಸರಿಗೆ ಬ್ಯಾಂಕಿನಿಂದ ಇನ್ನೊಂದು ಕಾರ್ಡ್ ಮಾಡಿಸುವುದು ಬೇರೆ. ಕರಾರುಪತ್ರ ಇಂಗ್ಲಿಷಿನಲ್ಲಿಯೂ ಕೌಂಟರಿನ ಮಾತು ಮಲಯಾಳದಲ್ಲಿಯೂ ಇರುವ ನಮ್ಮ ಊರುಗಳಲ್ಲಿ ಈ ವ್ಯತ್ಯಾಸ ತಿಳಿಯದೆ ಸಹಿ ಬೀಳುವುದುಂಟು.

ಆಡ್-ಆನ್ ಕಾರ್ಡ್ ಎಂದರೇನು?

ಉಳಿತಾಯ ಖಾತೆಯನ್ನು ಗಂಡ ಹೆಂಡತಿ ಜಂಟಿಯಾಗಿ ತೆರೆಯಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಅಂತಹ ಜಂಟಿ ಖಾತೆ ನಮ್ಮ ದೇಶದಲ್ಲಿ ರೂಢಿಯಲ್ಲಿಲ್ಲ. ಇರುವುದು ಆಡ್-ಆನ್ ಕಾರ್ಡ್. ಖಾತೆ ಮೂಲ ಕಾರ್ಡುದಾರರದ್ದು; ಅವರು ಹೆಸರಿಸಿದ ಸಂಗಾತಿ, ತಂದೆತಾಯಿ, ಒಡಹುಟ್ಟಿದವರು ಅಥವಾ ಸಾಮಾನ್ಯವಾಗಿ 18 ತುಂಬಿದ ಮಕ್ಕಳಿಗೆ ಪ್ರತ್ಯೇಕ ಕಾರ್ಡ್ ದೊರೆಯುತ್ತದೆ. ಸಾಲದ ಮಿತಿ ಮಾತ್ರ ಒಂದೇ. ಮಿತಿ 1,00,000 ರೂಪಾಯಿ ಇದ್ದು ಮಗಳು 30,000 ವ್ಯಯಿಸಿದರೆ, ತಂದೆಗೆ ಉಳಿಯುವುದು 70,000. ಮಗಳ ಕಾರ್ಡಿಗೆ ಇಷ್ಟೇ ಎಂದು ಉಪಮಿತಿ ಹಾಕುವ ಅನುಕೂಲವನ್ನು ಹಲವು ಬ್ಯಾಂಕುಗಳು ನೀಡುತ್ತವೆ. ಅದನ್ನು ಮೊದಲೇ ಕೇಳಿ ಮಾಡಿಸಿಕೊಳ್ಳುವುದು ಲೇಸು.

ಹೊಣೆ ಯಾರದು?

ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ: ಆಡ್-ಆನ್ ಕಾರ್ಡಿನ ಸಾಲಕ್ಕೆ ಮೂಲ ಕಾರ್ಡುದಾರರೇ ಹೊಣೆ. ಖರ್ಚು ಯಾರೇ ಮಾಡಲಿ, ಬಿಲ್ಲು ಬರುವುದು ಒಬ್ಬರ ಹೆಸರಿಗೆ. ಪಾವತಿ ತಪ್ಪಿದರೆ ಕಳಂಕ ತಟ್ಟುವುದೂ ಅವರ ಸಾಲದ ಇತಿಹಾಸಕ್ಕೆ. ನಾಳೆ ಗೃಹಸಾಲಕ್ಕೆ ಅರ್ಜಿ ಹಾಕುವಾಗ ಅದು ಅಡ್ಡಬರಬಹುದು.

ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟಿದರೆ ಸಾಲ ತೀರಿದಂತಲ್ಲ. ತಿಂಗಳಿಗೆ ಶೇ. 3.5ರ ಬಡ್ಡಿ ಎಂದರೆ ವರ್ಷಕ್ಕೆ ಶೇ. 42. 20,000 ರೂಪಾಯಿ ಬಾಕಿ ಉಳಿದರೆ ಒಂದು ತಿಂಗಳಿಗೆ 700 ರೂಪಾಯಿ ಬಡ್ಡಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 126 ರೂಪಾಯಿ. ಕಾರ್ಡಿನಿಂದ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಓಡತೊಡಗುತ್ತದೆ. ಈ ಎರಡು ಮಾತುಗಳನ್ನು ಎರಡನೆಯ ಕಾರ್ಡ್ ಪಡೆಯುವವರಿಗೆ ಮೊದಲೇ ತಿಳಿಹೇಳಬೇಕು.

ಪಿನ್ ಹಂಚಿಕೊಂಡರೆ

ಮನೆಯವರಲ್ಲವೇ ಎಂದು ಕಾರ್ಡ್, ಪಿನ್, ಒಟಿಪಿಗಳನ್ನು ಒಪ್ಪಿಸುವುದು ಅಕ್ಕರೆಯಂತೆ ಕಂಡರೂ ಅಪಾಯಕಾರಿ. ಕಾರ್ಡ್ ವರ್ಗಾಯಿಸತಕ್ಕದ್ದಲ್ಲ ಎಂಬುದು ಕರಾರಿನ ಷರತ್ತು. ಅದಕ್ಕಿಂತ ಮುಖ್ಯವಾದುದು ರಿಸರ್ವ್ ಬ್ಯಾಂಕಿನ ನಿಯಮ. ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರು ಹಣ ಲಪಟಾಯಿಸಿದಾಗ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. ಆದರೆ ಗುಪ್ತ ವಿವರವನ್ನು ತಾವೇ ಹಂಚಿಕೊಂಡದ್ದರಿಂದ ನಷ್ಟವಾದರೆ, ಬ್ಯಾಂಕಿಗೆ ದೂರು ತಲುಪುವವರೆಗಿನ ಪೂರ್ತಿ ಹೊರೆ ಗ್ರಾಹಕರದೇ. ಆಡ್-ಆನ್ ಕಾರ್ಡಿಗೆ ಸಾಮಾನ್ಯವಾಗಿ ಅದರದೇ ಸಂಖ್ಯೆ, ಅದರದೇ ಪಿನ್ ಇರುತ್ತದೆ. ಹಂಚಿಕೊಳ್ಳಲೇಬೇಕಾದಾಗ ಅದೇ ಸರಿಯಾದ ದಾರಿ.

ಮೂಲ ಕಾರ್ಡುದಾರರು ತೀರಿಕೊಂಡರೆ

ಕೂಡಲೇ ಬ್ಯಾಂಕಿಗೆ ತಿಳಿಸಿ ಎಲ್ಲ ಕಾರ್ಡುಗಳ ಬಳಕೆಯನ್ನು ನಿಲ್ಲಿಸಬೇಕು. ಬಾಕಿಯನ್ನು ಮೃತರ ಆಸ್ತಿಯಿಂದ ವಸೂಲು ಮಾಡಬಹುದು. ವಾರಸುದಾರರ ಹೊಣೆ ಅವರ ಕೈಸೇರಿದ ಆ ಆಸ್ತಿಯ ಮಿತಿಯೊಳಗಿನದು. ತಾವು ಸಾಲಕ್ಕೆ ಸಹಿ ಹಾಕಿರದಿದ್ದರೆ, ವಸೂಲಿಗಾರರ ಒತ್ತಡಕ್ಕೆ ಹೆದರಿ ಸ್ವಂತ ದುಡಿಮೆಯಿಂದ ಕಟ್ಟಬೇಕಾಗಿಲ್ಲ. ಶೋಕದಲ್ಲಿರುವ ಮನೆಗೆ ಈ ಅರಿವು ದೊಡ್ಡ ಆಸರೆ.

ನಮ್ಮ ಭಾಷೆಯಲ್ಲಿ ಕೇಳೋಣ

ಷರತ್ತುಗಳು ಸರಳವಾಗಿ, ಕಾರ್ಡುದಾರರಿಗೆ ಅರ್ಥವಾಗುವಂತೆ, ಆದಷ್ಟೂ ಇಂಗ್ಲಿಷ್, ಹಿಂದಿ ಹಾಗೂ ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕಿನ ಅದೇ ನಿರ್ದೇಶನ ಹೇಳುತ್ತದೆ. ಕಾಸರಗೋಡಿನಲ್ಲಿ ಸ್ಥಳೀಯ ಭಾಷೆ ಎಂದರೆ ಮಲಯಾಳ, ಅಕ್ಕಲಕೋಟೆಯಲ್ಲಿ ಮರಾಠಿ ಎಂದಷ್ಟೇ ಬ್ಯಾಂಕುಗಳು ಭಾವಿಸಬಾರದು. ಕರ್ನಾಟಕದ ಗ್ರಾಹಕರಿಗಾಗಿ ಕನ್ನಡ ಪ್ರತಿಯನ್ನು ಸಿದ್ಧಪಡಿಸಿರುವ ಬ್ಯಾಂಕಿಗೆ ಅದನ್ನು ಗಡಿಯಾಚೆಯ ಶಾಖೆಗೆ ಕಳುಹಿಸುವುದು ಕಷ್ಟದ ಕೆಲಸವಲ್ಲ. ಸಹಿ ಹಾಕುವ ಮುನ್ನ ಅದನ್ನು ಲಿಖಿತವಾಗಿ ಕೇಳೋಣ.

ಕಾರ್ಡ್ ಬೇಡವಾದರೆ, ಬಾಕಿ ತೀರಿಸಿದ ಬಳಿಕ ಖಾತೆ ಮುಚ್ಚಲು ಬ್ಯಾಂಕಿಗೆ ಏಳು ಕೆಲಸದ ದಿನಗಳ ಅವಕಾಶ. ತಡವಾದರೆ ದಿನಕ್ಕೆ 500 ರೂಪಾಯಿ ದಂಡವನ್ನು ಬ್ಯಾಂಕ್ ಗ್ರಾಹಕರಿಗೆ ಕೊಡಬೇಕು. ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಮಾಹಿತಿಗಾಗಿ ಇರುವ 14448 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಆ ಸೌಲಭ್ಯವನ್ನು ನಾವು ಕನ್ನಡದಲ್ಲೇ ಬಳಸಿದರೆ ಮಾತ್ರ ಅದು ಉಳಿಯುತ್ತದೆ.